ಮಲ್ಲಸಂದ್ರದವರೆಗೆ ಬರುವ ವಾಸನೆ

ನವೆಂಬರ್ 6, ಬುಧವಾರ

ಇವತ್ತು ಹೆಗ್ಗೆರೆ ಹತ್ತಿರ ಗಾಡಿಯೊಳಗೆ ಎಣ್ಣೆ ಸುಟ್ಟ ವಾಸನೆ ಬಂತು. ಪಕ್ಕದ ಹೋಟೆಲಿನವರು ಬೋಂಡ ಕರೆಯುತ್ತಿರಬೇಕು ಅಂದುಕೊಂಡೆ. ಹೋಟೆಲು ಹಿಂದೆ ಹೋಯಿತು, ವಾಸನೆ ನನ್ನ ಜೊತೆಗೇ ಬಂತು. ಗ್ಲಾಸು ಇಳಿಸಿದೆ. ಹೊರಗೆಲ್ಲ ಮಂಜು. ರಾಗಿ ತೆನೆ ತಲೆ ಬಗ್ಗಿಸಿಕೊಂಡು ನಿಂತಿತ್ತು. ಗಾಡಿ ಓಡುತ್ತಿದೆಯೋ, ಹೊಲಗಳೇ ನನ್ನ ಪಕ್ಕದಿಂದ ಮೆಲ್ಲಗೆ ಸರಿದು ಹೋಗುತ್ತಿವೆಯೋ ಗೊತ್ತಾಗಲಿಲ್ಲ. ಹೆದರಬೇಕಿತ್ತು, ಹೆದರಿಕೆ ಬರಲಿಲ್ಲ. ಚಿಕ್ಕವಳಿದ್ದಾಗ ಯಾರದೋ ತೊಡೆ ಮೇಲೆ ನಿದ್ದೆ ಹತ್ತುತ್ತಿತ್ತಲ್ಲ, ಆ ಹಿತ ಬಂತು. ಮಲ್ಲಸಂದ್ರ ದಾಟುವಷ್ಟರಲ್ಲಿ ವಾಸನೆ ಹೋಗಿತ್ತು.

ಈಗ ಚೇಳೂರಿನ ನರ್ಸರಿಯಲ್ಲಿ ತೆಂಗಿನ ಸಸಿ ತುಂಬುತ್ತಿದ್ದಾರೆ. ನಾನು ಕ್ಯಾಬಿನ್ನಿನಲ್ಲಿ ಕೂತು ಬರೆಯುತ್ತಿದ್ದೇನೆ. ಸಸಿ ಇಟ್ಟಾಗಲೆಲ್ಲ ಗಾಡಿ ಅಲ್ಲಾಡುತ್ತದೆ, ಅಕ್ಷರ ಸೊಟ್ಟಗಾಗುತ್ತದೆ. ಈ ಗಾಡಿ ಅಪ್ಪಾಜಿಯದು. ಇದರಲ್ಲಿ ತೆಂಗಿನಕಾಯಿ ಹೇರುತ್ತಿದ್ದರು. ಅವರಿಗೆ ಕಣ್ಣು ಸರಿಯಾಗಿ ಕಾಣದ ಹಾಗಾದ ಮೇಲೆ ಸ್ಟೇರಿಂಗ್ ನನ್ನ ಕೈಗೆ ಬಂತು. ಹೆಂಗಸು ಪಿಕಪ್ ಓಡಿಸುತ್ತಾಳೆ ಅಂತ ಗುಬ್ಬಿಯಲ್ಲಿ ಮೊದಮೊದಲು ಜನ ತಿರುಗಿ ತಿರುಗಿ ನೋಡುತ್ತಿದ್ದರು. ಈಗ ನನ್ನನ್ನು ಬಿಟ್ಟು ಸಸಿ ನೋಡುತ್ತಾರೆ. ನನಗೂ ಅದೇ ಬೇಕಿತ್ತು.

ಬೆಳಿಗ್ಗೆ ತುಮಕೂರಿನ ಉಪ್ಪಾರಹಳ್ಳಿಯ ಮನೆಯಿಂದ ಹೊರಡುವಾಗ ಅಪ್ಪಾಜಿ "ಯಾವ್ ಕಡೆ ಹೊಂಟೆ?" ಅಂದರು. ಚೇಳೂರು ಅಂದೆ. ಗೇಟು ತೆಗೆಯುತ್ತಾ ಮತ್ತೆ "ಯಾವ್ ಕಡೆ?" ಅಂದರು. ನನ್ನ ಮಾತನ್ನು ಕಿವಿಗೆ ಹಾಕಿಕೊಂಡು ಅವರಿಗೆ ಅಭ್ಯಾಸವೇ ಇಲ್ಲ. ಎರಡನೇ ಸಲ ಉತ್ತರ ಕೊಡದೆ ಬಂದೆ.

ನವೆಂಬರ್ 9, ಶನಿವಾರ

ವಾಸನೆ ದಿನಾ ಬರುತ್ತಿದೆ. ಹೆಗ್ಗೆರೆಯಲ್ಲಿ ಹತ್ತುತ್ತದೆ, ಮಲ್ಲಸಂದ್ರದಲ್ಲಿ ಇಳಿಯುತ್ತದೆ, ಟಿಕೆಟ್ ತೆಗೆದುಕೊಂಡ ಹಾಗೆ.

ಗುಬ್ಬಿಯಲ್ಲಿ ಮೋಹನ್‌ಕುಮಾರನ ಗ್ಯಾರೇಜಿಗೆ ಹೋದೆ. ಅಪ್ಪಾಜಿ ಕಾಲದಿಂದಲೂ ಈ ಗಾಡಿಗೆ ಅವನೇ ಮೆಕ್ಯಾನಿಕ್. ಬಾನೆಟ್ ಎತ್ತಿ, ಎಂಜಿನ್ ಆಯಿಲ್ ಅಳೆಯುವ ಕಡ್ಡಿ ಹೊರಗೆಳೆದು ಒರೆಸಿ ನೋಡಿದ.

"ಆಯಿಲ್ ಒಂಚೂರೂ ಕಮ್ಮಿ ಆಗಿಲ್ಲ ಕಣಕ್ಕ. ಲೀಕ್ ಇದ್ರೆ ಕಮ್ಮಿ ಆಗ್ಬೇಕಲ್ವಾ?"

"ವಾಸನೆ ಬರುತ್ತಲ್ಲ ಮೋಹನಾ."

"ಈಗ ಬರ್ತೈತಾ?"

"ಈಗಿಲ್ಲ."

"ನನ್ ಮುಖ ನೋಡಿ ಹೆದ್ರಿಕಂಡು ಓಡೋಗೈತೆ ಬುಡು."

ಅವನಿಗೆ ತಮಾಷೆ. ನನಗೆ ಮೈಯೆಲ್ಲ ಉರಿಯಿತು. ವಾಪಸ್ ಬರುವಾಗ ಸಸಿಗಳು ಹಿಂದೆ ಗಾಳಿಗೆ ಸರಸರ ಅನ್ನುತ್ತಿದ್ದವು. ಕನ್ನಡಿಯಲ್ಲಿ ನೋಡಿದರೆ ಒಂದು ಪುಟ್ಟ ತೋಟ ನನ್ನನ್ನು ಅಟ್ಟಿಸಿಕೊಂಡು ಬರುತ್ತಿತ್ತು. ಆಮೇಲೆ ಸಿಟ್ಟು ಇಳಿಯಿತು.

ನವೆಂಬರ್ 13, ಬುಧವಾರ

ಮೋಹನ ಕೊನೆಗೂ ನನ್ನ ಮಾತು ನಂಬಿದ. ಎಂಜಿನ್ ತಲೆ ಮೇಲಿನ ಮುಚ್ಚಳದ ಪ್ಯಾಕಿಂಗ್ ಗಟ್ಟಿಯಾಗಿದೆ, ಅಲ್ಲಿಂದ ಎಣ್ಣೆ ಜಿನುಗಿ ಸೈಲೆನ್ಸರಿನ ಬಿಸಿ ಕೊಳವೆ ಮೇಲೆ ಬಿದ್ದು ಸುಡುತ್ತಿರಬೇಕು ಅಂದ. ಹೊಸ ಪ್ಯಾಕಿಂಗ್ ಹಾಕಿ, ಎಂಜಿನ್ನಿಗೆ ಪೂರ್ತಿ ನೀರು ಹೊಡೆದು ತೊಳೆದ. "ಇನ್ಮೇಲೂ ಬಂದ್ರೆ ನನ್ ಹೆಸ್ರು ಬದಲಾಯ್ಸು" ಅಂದ.

ಸಂಜೆ ಮನೆ ಮುಂದೆ ಗಾಡಿ ನಿಲ್ಲಿಸಿ ಒಳಗೆ ಬಂದಾಗ ಹಗುರಾಗಿದ್ದೆ. ಉಪ್ಪಿಟ್ಟು ಮಾಡಿದೆ. ಅಪ್ಪಾಜಿ ಎಂದಿನ ಹಾಗೆ ಮುಸ್ಸಂಜೆಯಲ್ಲಿ ಗಾಡಿ ಪಕ್ಕ ಕೂತಿದ್ದು, ಕತ್ತಲಾಗುವಾಗ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಒಳಗೆ ಬಂದರು. ಪಂಚೆಯ ಕಲೆ ತೊಳೆದು ತೊಳೆದು ನನಗೆ ಸಾಕಾಗಿದೆ.

ನವೆಂಬರ್ 14, ಗುರುವಾರ

ಬಂತು. ಅದೇ ಹೆಗ್ಗೆರೆ, ಅದೇ ಮಲ್ಲಸಂದ್ರ.

ನವೆಂಬರ್ 18, ಸೋಮವಾರ

ನಮ್ಮ ಮನೆಯವರು, ಉದಯ್, ಇವತ್ತು ಫ್ಯಾಕ್ಟರಿಗೆ ರಜೆ ಹಾಕಿ ಜೊತೆಗೆ ಬಂದರು. ಹೆಗ್ಗೆರೆಯಲ್ಲಿ ಅವರ ಮೂಗಿಗೂ ಬಡಿಯಿತು. ನನಗೆ ಒಂದು ಕ್ಷಣ ಖುಷಿಯೇ ಆಯಿತು, ನನ್ನ ಭ್ರಮೆ ಅಲ್ಲವಲ್ಲ ಅಂತ. ಆದರೆ ಉದಯ್ ಮುಖ ಬಿಳಿಚಿಕೊಂಡಿತ್ತು.

"ಮಾರ್ಬಿಡಣ ರೂಪಾ. ಶಿರಾದಲ್ಲಿ ಒಬ್ರು ಕೇಳ್ತಾವ್ರೆ. ರೋಡಲ್ಲಿ ಒಬ್ಳೇ ಇದ್ದಾಗ ಹತ್ಕಂಡು ಉರುದ್ರೆ ಏನ್ಮಾಡ್ತೀಯ?"

"ರಿಪೇರಿ ಮಾಡಿಸ್ತೀನಿ ರೀ."

"ಏನಂತ ಗೊತ್ತಾದ್ರೆ ತಾನೇ ರಿಪೇರಿ? ಮುಂದಿನ್ ತಿಂಗ್ಳು ಎಂಟಕ್ಕೆ ಬಂದು ನೋಡ್ತಾರಂತೆ. ಅಷ್ಟರೊಳ್ಗೆ ಸರಿ ಹೋದ್ರೆ ಇಟ್ಕಳಣ, ಇಲ್ದಿದ್ರೆ ಇಲ್ಲ."

ಅವರು ಕೆಟ್ಟವರಲ್ಲ, ಹೆದರಿದ್ದಾರೆ. ಆದರೆ ಗಾಡಿ ಹೋದರೆ ನನ್ನ ಮಂಜು ಹೋಯಿತು, ಸಸಿ ಹೋಯಿತು, ಕುಣಿಗಲ್ ಕೆರೆ ಏರಿ ಮೇಲೆ ಬಿಸಿಲು ಬೀಳುವುದನ್ನು ನೋಡುತ್ತಾ ಹೋಗುವುದು ಹೋಯಿತು. ಅಡುಗೆಮನೆಯ ಕಿಟಕಿಯಿಂದ ಎದುರು ಮನೆಯ ಕಾಂಪೌಂಡು ಮಾತ್ರ ಕಾಣುತ್ತದೆ. ನನಗೆ ಈ ಗಾಡಿ ಬೇಕು.

ಕಾರ್ತಿಕ ಸೋಮವಾರ. ಹೊಸ್ತಿಲಿಗೆ ದೀಪ ಹಚ್ಚೋಣ ಅಂದರೆ ಕೊಬ್ಬರಿ ಎಣ್ಣೆ ಕ್ಯಾನು ಖಾಲಿ. ನಮ್ಮದೇ ಕೊಬ್ಬರಿ ಕೊಟ್ಟು ಗುಬ್ಬಿ ಗಾಣದಲ್ಲಿ ಆಡಿಸಿದ ಎಣ್ಣೆ, ಸಂಕ್ರಾಂತಿವರೆಗೂ ಬರಬೇಕಿತ್ತು; ನಾಳೆಯೇ ಮತ್ತೆ ಆಡಿಸಿ ತರಬೇಕು. ಮಗಳು ಸಿಂಚನಾಳಿಗೆ ಬೈದೆ, ತಲೆಗೆ ಅಷ್ಟೊಂದು ಸುರಿದುಕೊಳ್ಳುತ್ತೀಯ ಅಂತ. "ನಾನ್ ತಲೆಗೆ ಎಣ್ಣೆನೇ ಹಚ್ಚಲ್ಲಮ್ಮ, ಕ್ಲಾಸಲ್ಲಿ ಎಲ್ರೂ ನಗ್ತಾರೆ" ಅಂತ ಅತ್ತಳು. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಪ್ಪಾಜಿ ತಲೆ ಎತ್ತಿ "ಗಂಗಾ, ಮಗಿನ್ ಮೇಲ್ ಯಾಕ್ ರೇಗ್ತೀಯ?" ಅಂದರು.

ಗಂಗಾಂಬಿಕೆ ನಮ್ಮ ಅವ್ವ. ಅವಳು ತೀರಿಕೊಂಡು ವರ್ಷಗಳಾದವು. ನನ್ನದು ಅವ್ವನದೇ ದನಿ ಅಂತ ಎಲ್ಲರೂ ಹೇಳುತ್ತಾರೆ, ಅದಕ್ಕೇ ಹಾಗಂದಿರಬೇಕು.

ಅಪ್ಪಾಜಿ ಬತ್ತಿ ಹೊಸೆಯುವುದನ್ನು ನೋಡಲು ಚೆಂದ. ಬೆರಳಿಗೆ ವಿಭೂತಿ ಮುಟ್ಟಿಸಿಕೊಂಡು ಹೊಸೆಯುತ್ತಾರೆ. ಬತ್ತಿ ಗಟ್ಟಿಯಾಗಿ, ತುಸು ಬೂದು ಬಣ್ಣಕ್ಕೆ ಬರುತ್ತದೆ. ಚೇಳೂರಿನಲ್ಲಿದ್ದಾಗ ಮಠದ ಗದ್ದುಗೆಯ ನಂದಾದೀಪಕ್ಕೆ ಮುಸ್ಸಂಜೆ ಎಣ್ಣೆ ಹಾಕುವುದು ನಮ್ಮ ಮನೆಯ ಸೇವೆ. ಅಪ್ಪಾಜಿ ಒಂದು ದಿನವೂ ತಪ್ಪಿಸಿದವರಲ್ಲ. ಲೋಡ್ ಹೇರಿಕೊಂಡು ದೂರ ಹೋದ ದಿನ ಅವರ ಬದಲು ಅವ್ವ ಹೋಗುತ್ತಿದ್ದಳು. ಮನೆಯವರು ದಾರಿಯಲ್ಲಿರುವಾಗ ದೀಪ ಆರಬಾರದು ಅಂತ ಅವಳ ನಂಬಿಕೆ. ಅಪ್ಪಾಜಿ ಬಂದು ಇಳಿದ ಕೂಡಲೇ ಕೇಳುತ್ತಿದ್ದ ಮೊದಲ ಮಾತು "ದೀಪ ಐತಾ?" ತುಮಕೂರಿಗೆ ಬಂದ ಮೇಲೆ ಗದ್ದುಗೆಯೂ ಇಲ್ಲ, ಸೇವೆಯೂ ಇಲ್ಲ. ಪಾಪ, ಹೊತ್ತು ಹೋಗದೆ ಗಾಡಿ ಪಕ್ಕ ಕೂರುತ್ತಾರೆ.

ನವೆಂಬರ್ 24, ಭಾನುವಾರ, ಕೊತ್ತಗೆರೆ

ನಿನ್ನೆ ಸಸಿ ಇಳಿಸುವುದು ತಡವಾಗಿ ತಂಗಿ ಬಿಂದುಶ್ರೀ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಹಾಲು ತರಲು ಕುಣಿಗಲ್‌ವರೆಗೂ ಗಾಡಿಯಲ್ಲೇ ಹೋಗಿ ಬಂದೆ. ಹಾಲು ಒಂದು ನೆಪ. ಚಳಿ ಇತ್ತು, ಎಂಜಿನ್ ತಣ್ಣಗಿತ್ತು, ಎಲ್ಲ ತುಮಕೂರಿನ ಹಾಗೇ. ಆದರೆ ವಾಸನೆ ಬರಲೇ ಇಲ್ಲ. ಕೆರೆ ಏರಿ ಮೇಲೆ ನಿಧಾನ ಮಾಡಿದೆ, ಮೂಗು ಅರಳಿಸಿದೆ. ನೀರಿನ ವಾಸನೆ, ಜೊಂಡಿನ ವಾಸನೆ, ಅಷ್ಟೇ. ಸಂತೋಷವಾಗಬೇಕಿತ್ತು. ಯಾಕೋ ಖಾಲಿ ಅನ್ನಿಸಿತು, ಜೊತೆಗೆ ಬರುತ್ತಿದ್ದವರು ಯಾರೋ ಇವತ್ತು ಬಂದಿಲ್ಲ ಅನ್ನುವ ಹಾಗೆ.

ಗಾಡಿಗೆ ರೋಗ ಇದ್ದಿದ್ದರೆ ಕೊತ್ತಗೆರೆಯಲ್ಲೂ ಇರಬೇಕಲ್ಲ? ಏನಿದ್ದರೂ ಅದು ನಮ್ಮ ಮನೆ ಮುಂದೆ ಇದೆ. ಆಗದವರು ಯಾರೋ ಏನೋ ಸುರಿಯುತ್ತಿದ್ದಾರೆ.

ತಿಂಡಿ ತಿನ್ನುವಾಗ ಬಿಂದು ಅಂದಳು, "ಅಕ್ಕಾ, ಮೊನ್ನೆ ಅಪ್ಪಾಜಿ ಫೋನಲ್ಲಿ ನನ್ನೇ ಯಾರು ಅಂದ್ರು ಕಣೇ."

"ಸಿಗ್ನಲ್ ಸರಿ ಇರಲ್ಲ ಅಲ್ಲಿ."

"ಸಿಗ್ನಲ್ ಇತ್ತು ಕಣೇ. ಬಿಂದು ಅಂದೆ. ಯಾವ್ ಬಿಂದು ಅಂದ್ರು."

"ಚಟ್ನಿ ಹಾಕು" ಅಂದೆ.

ನವೆಂಬರ್ 28, ಗುರುವಾರ

ಹೆಗ್ಗೆರೆ ದಾಟಿದ ಮೇಲೆ ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದಿತು. ಗಾಡಿ ಪಕ್ಕಕ್ಕೆ ಹಾಕಿ, ಎಂಜಿನ್ ನಿಲ್ಲಿಸಿ, ನೀರಿನ ಕ್ಯಾನ್ ಹಿಡಿದು ಇಳಿದೆ. ಬಾನೆಟ್ ಎತ್ತಿದೆ. ಬೆಂಕಿ ಇರಲಿಲ್ಲ. ಬಿಳೀ ಹೊಗೆ ಎದ್ದು ಮಂಜಿನೊಳಗೆ ಬೆರೆತು ಹೋಯಿತು.

ಬಿಸಿ ಕೊಳವೆ ಮೇಲೆ ಏನೋ ಚುರುಚುರು ಅನ್ನುತ್ತಿತ್ತು. ಬಿಸಿ ತಾಗದ ಅಂಚಿನಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ್ದು ಅಂಟಿಕೊಂಡಿತ್ತು. ಗ್ರೀಸು ಅಂದುಕೊಂಡು ಮುಟ್ಟಿದೆ. ಬೆರಳ ಬಿಸಿಗೇ ಕರಗಿ ನೀರಾಯಿತು. ಮೂಸಿದೆ. ಕೊಬ್ಬರಿ ಎಣ್ಣೆ. ಚಳಿಗೆ ಹೆಪ್ಪುಗಟ್ಟಿದ ನಮ್ಮ ಮನೆಯ ಕೊಬ್ಬರಿ ಎಣ್ಣೆ. ಕೊಳವೆ ಕಾದು ಹೆಗ್ಗೆರೆಯಲ್ಲಿ ಸುಡಲು ಶುರುವಾಗುತ್ತದೆ, ಮಲ್ಲಸಂದ್ರದ ಹೊತ್ತಿಗೆ ಸುಟ್ಟು ಮುಗಿದಿರುತ್ತದೆ.

ಕೊಳವೆ ಪಕ್ಕದಲ್ಲಿ ಅರ್ಧ ಕರಕಲಾದ ಬತ್ತಿ ಇತ್ತು. ಉಳಿದರ್ಧ ಬೂದು ಬಣ್ಣ. ಗಟ್ಟಿಯಾಗಿ ಹೊಸೆದದ್ದು.

ರಸ್ತೆ ಪಕ್ಕದ ಮೈಲಿಗಲ್ಲಿನ ಮೇಲೆ ಕೂತುಬಿಟ್ಟೆ. ಗುಬ್ಬಿ ಬಸ್ಸು ಹಾರ್ನ್ ಹೊಡೆದು ಹೋಯಿತು. ಆ ವಾಸನೆಗೆ ನನಗೆ ನಿದ್ದೆಯ ಹಿತ ಯಾಕೆ ಬರುತ್ತಿತ್ತು ಅಂತ ಈಗ ಗೊತ್ತಾಯಿತು. ಚೇಳೂರಿನ ಗದ್ದುಗೆಯ ಮೆಟ್ಟಿಲ ಮೇಲೆ, ದೀಪಕ್ಕೆ ಎಣ್ಣೆ ಹಾಕಿ ಬಂದ ಅಪ್ಪಾಜಿಯ ತೊಡೆ ಮೇಲೆ ನಾನು ಮಲಗುತ್ತಿದ್ದೆ. ಅವರ ಕೈ ಹೀಗೇ ವಾಸನೆ ಬರುತ್ತಿತ್ತು.

ಅದೇ ದಿನ, ಸಂಜೆ

ಬಂದವಳು ಅಡುಗೆಮನೆಗೆ ಹೋಗದೆ ಕಿಟಕಿ ಹಿಂದೆ ನಿಂತೆ. ಅಪ್ಪಾಜಿ ಎದ್ದರು. ಆಚೀಚೆ ನೋಡಲಿಲ್ಲ, ಕಳ್ಳತನದ ಹಾಗೇನೂ ಇರಲಿಲ್ಲ. ಪಂಚೆಯ ಮಡಿಕೆಯಿಂದ ಸಣ್ಣ ಶೀಶೆ ತೆಗೆದರು. ಗಾಡಿ ಬಾಗಿಲು ತೆಗೆದು ಒಳಗಿನ ಲಿವರ್ ಎಳೆದರು, ಬಾನೆಟ್ ಎತ್ತಿ ಕಂಬಿ ಕೊಟ್ಟು ನಿಲ್ಲಿಸಿದರು. ಬೆಳಿಗ್ಗೆ ತಿಂಡಿ ತಿಂದದ್ದು ನೆನಪಿರುವುದಿಲ್ಲ, ಲಿವರ್ ಎಲ್ಲಿದೆ ಅಂತ ಕೈಗೆ ನೆನಪಿದೆ. ಅಂಗೈಯನ್ನು ಎಂಜಿನ್ನಿನ ಹತ್ತಿರ ಹಿಡಿದು ಕಾವು ನೋಡಿದರು. ಎಣ್ಣೆ ಸುರಿದರು, ಬತ್ತಿ ಇಟ್ಟರು, ಕೈ ಮುಗಿದರು. ಎಂಜಿನ್ ಇನ್ನೂ ಬಿಸಿ ಇತ್ತಲ್ಲ, ಅದು ಅವರಿಗೆ ಉರಿಯುತ್ತಿರುವ ದೀಪ.

ಹೊರಗೆ ಹೋಗಿ "ಏನ್ ಮಾಡ್ತಿದೀರ ಅಪ್ಪಾಜಿ?" ಅಂದೆ. ದನಿ ಏರಿಸಬೇಕು ಅಂದುಕೊಂಡಿದ್ದೆ, ಏರಲಿಲ್ಲ.

"ಬೆಳಿಗ್ಗೆ ಹುಡ್ಗಿ ದೂರ ಹೋಯ್ತಾಳೆ ಗಂಗಾ. ದಾರಿಲಿ ಆರೋದ್ರೆ ಏನ್ ಗತಿ?"

ಇವತ್ತು ತಪ್ಪನ್ನು ನನ್ನ ದನಿಯ ಮೇಲೆ ಹಾಕಲು ಆಗಲಿಲ್ಲ. ಅವರು ನನ್ನ ಮುಖ ನೋಡುತ್ತಲೇ ಹೇಳಿದರು. ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಡಿಸೆಂಬರ್ 1, ಭಾನುವಾರ

ಉದಯ್‌ಗೆ ಎಲ್ಲ ಹೇಳಿದೆ. "ಹಂಗಾದ್ರೆ ಗಾಡಿ ಇರ್ಲೇಬಾರ್ದು ರೂಪಾ. ಎದುರಿಗೆ ಕಾಣ್ದಿದ್ರೆ ಅವ್ರೂ ಮರೀತಾರೆ. ಇವತ್ತು ಎಣ್ಣೆ, ನಾಳೆ ಬೆಂಕಿಕಡ್ಡಿ ಗೀರುದ್ರೆ?" ಅಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಬೆಂಕಿಪೊಟ್ಟಣ, ಎಣ್ಣೆ, ಶೀಶೆ ಎಲ್ಲ ಅಟ್ಟಕ್ಕೆ ಹಾಕಿದೆವು. ಗಾಡಿ ಬಾಗಿಲಿಗೆ ಬೀಗ.

ಮುಸ್ಸಂಜೆ ಅಪ್ಪಾಜಿ ಮನೆಯೆಲ್ಲ ತಡಕಾಡಿದರು. ದಿಂಬಿನ ಕೆಳಗೆ, ಅಕ್ಕಿ ಡಬ್ಬದಲ್ಲಿ. ಯಾರನ್ನೂ ಏನೂ ಕೇಳಲಿಲ್ಲ. ಆಮೇಲೆ ಗೇಟಿನ ಸರಳು ಹಿಡಿದು ನಿಂತರು. ಕಾರ್ತಿಕ ಮುಗಿಯುವ ದಿನ, ಬೀದಿಯಲ್ಲಿ ಮನೆಮನೆಯ ಮುಂದೂ ದೀಪ. ಊಟಕ್ಕೆ ಬನ್ನಿ ಅಂದೆ. ಸ್ವೆಟರ್ ಹಾಕಲು ಹೋದರೆ ಕೈ ತಳ್ಳಿದರು.

"ರೂಪಾ ಇನ್ನೂ ರೋಡಲ್ಲವ್ಳೆ. ನೀನ್ ಉಣ್ಣೋಗು."

"ನಾನೇ ರೂಪಾ ಅಪ್ಪಾಜಿ. ನೋಡಿ, ಬಂದಿದೀನಿ."

ನನ್ನನ್ನು ನೋಡಿದರು. ಕಾಣದ ಊರಿನಲ್ಲಿ ದಾರಿ ತಪ್ಪಿದವರು ನೋಡುತ್ತಾರಲ್ಲ, ಹಾಗೆ. ಮತ್ತೆ ರಸ್ತೆಯ ಕಡೆಗೆ ತಿರುಗಿದರು. ಕೊನೆಗೆ ಉದಯ್ ಎತ್ತಿಕೊಂಡೇ ಒಳಗೆ ಕರೆತಂದರು. ಅಪ್ಪಾಜಿ ಏನೂ ತಿನ್ನಲಿಲ್ಲ. ನಾನು ಎದುರಿಗೇ ಇದ್ದೆ, ನನಗಾಗಿಯೇ ಉಪವಾಸ ಇದ್ದರು.

ಡಿಸೆಂಬರ್ 3, ಮಂಗಳವಾರ

ಅಪ್ಪಾಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಗುಬ್ಬಿಗೆ ಹೋದೆ. "ಯಾವ್ ಕಡೆ?" ಅಂದರು. ಗುಬ್ಬಿ ಅಂದೆ. ತುಮಕೂರು ದಾಟುವ ಗುಬ್ಬಿ ಗೇಟಿನಲ್ಲಿ ಮತ್ತೆ ಕೇಳಿದರು, ಹೆಗ್ಗೆರೆಯಲ್ಲಿ ಮತ್ತೆ. ಪ್ರತಿ ಸಲವೂ ಗುಬ್ಬಿ ಅಂದೆ. ಹೇಳುತ್ತಾ ಹೇಳುತ್ತಾ ಗುಬ್ಬಿ ಅನ್ನುವುದು ಎಷ್ಟು ಚೆಂದದ ಹೆಸರು ಅನ್ನಿಸಿತು. ಮಂಜಿನೊಳಗೆ ಇಬ್ಬರೂ ಸುಮ್ಮನೆ ತೇಲಿಕೊಂಡು ಹೋದೆವು.

ಮೋಹನನಿಗೆ ವಿಷಯ ಹೇಳಿದೆ. ಅವನು ನಗಲಿಲ್ಲ. ಕಾಲಿಗೆ ಬಿದ್ದು "ಚೆನ್ನಾಗಿದೀರಾ ಅಯ್ನೋರೆ" ಅಂದ. ಅಪ್ಪಾಜಿ ಅವನನ್ನು ಗುರುತು ಹಿಡಿದವರ ಹಾಗೆ ನಕ್ಕರು. ಹಿಡಿದರೋ ಇಲ್ಲವೋ.

"ಬಾನೆಟ್‌ಗೆ ಲಾಕ್ ಹಾಕ್ಲಾ ಅಕ್ಕ?"

"ಬೇಡ. ಒಂದು ಬಟ್ಲು ಕೂರ್ಸು. ಬಿಸಿ ತಾಗದ ಕಡೆ."

ಮೋಹನ ಸ್ಪ್ಯಾನರ್ ಕೈಗೆತ್ತಿಕೊಂಡ. ಕೊಳವೆಯಿಂದ ಆಚೆ ಪಕ್ಕ, ಗ್ಲಾಸಿಗೆ ನೀರು ಚಿಮ್ಮಿಸುವ ಡಬ್ಬಿಯ ಹತ್ತಿರ ಒಂದು ಪಟ್ಟಿ ಬೋಲ್ಟ್ ಮಾಡಿ, ಅದರೊಳಗೆ ಸ್ಟೀಲ್ ಬಟ್ಟಲು ಇಳಿಸಿದ. ಎತ್ತಿದರೆ ಕೈಗೆ ಬರುತ್ತದೆ. ಬಿಸಿ ಕೊಳವೆಗೆ ತಗಡಿನ ಮರೆ ಕೊಟ್ಟ. ಬೆಳಿಗ್ಗೆ ಹೊರಡುವ ಮುಂಚೆ ಬಟ್ಟಲು ಎತ್ತಿಟ್ಟು ಹೋಗಬೇಕು, ಮರೆಯಬಾರದು ಅಂತ ಆಣೆ ಹಾಕಿಸಿಕೊಂಡ.

ಬಟ್ಟಲಿಗೆ ಮೂರೆಳೆ ವಿಭೂತಿ ನಾನೇ ಹಚ್ಚಿದೆ, ಅಪ್ಪಾಜಿಯ ಕಣ್ಣು ಅಲ್ಲಿಗೇ ಹೋಗಲಿ ಅಂತ.

ಸಂಜೆ ಗಾಡಿಯ ಬೀಗ ತೆಗೆದು, ಶೀಶೆಗೆ ಎಣ್ಣೆ ತುಂಬಿ, ಅವರು ಇಡುತ್ತಿದ್ದ ಜಾಗದಲ್ಲೇ ಇಟ್ಟೆ. ನಾನು, ಉದಯ್, ಸಿಂಚನಾ ಮೂವರೂ ಕಿಟಕಿಯಲ್ಲಿ ನಿಂತಿದ್ದೆವು. ಅಪ್ಪಾಜಿ ಬಾನೆಟ್ ಎತ್ತಿದರು. ಎಂಜಿನ್ ನೋಡಿದರು. ಶೀಶೆ ಹಿಡಿದ ಕೈ ಹಳೇ ಜಾಗಕ್ಕೇ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಬಟ್ಟಲ ಕಡೆಗೆ ಸರಿಯಿತು. ಒಂದು ತೊಟ್ಟೂ ಆಚೆ ಬೀಳದ ಹಾಗೆ ಸುರಿದರು.

"ಈಗ ಸರಿಯಾಯ್ತು" ಅಂತ ಗಾಡಿಗೆ ಹೇಳಿದರು. "ಇಷ್ಟ್ ದಿನ ಬಟ್ಲೇ ಇರ್ಲಿಲ್ವಲ್ಲ, ಒಳ್ಳೇ ಜನ."

ಸಿಂಚನಾ ಬಾಯಿ ಮುಚ್ಚಿಕೊಂಡು ನಕ್ಕಳು. ಉದಯ್ ಕಣ್ಣು ಒರೆಸಿಕೊಂಡು ಹೊರಗೆ ಹೋಗಿ ಶಿರಾದವರಿಗೆ ಫೋನ್ ಮಾಡಿದರು. ಗಾಡಿ ಕೊಡುವುದಿಲ್ಲ, ಮನೆಯಲ್ಲಿ ಹಿರಿಯರಿಗೆ ಬೇಕು ಅಂದರು.

ಡಿಸೆಂಬರ್ 12, ಗುರುವಾರ

ಡಾಕ್ಟರ್ ನೋಡಿದರು. ಮಾತ್ರೆ ಬರೆದುಕೊಟ್ಟರು. ಮರೆವು ನಿಧಾನ ಆಗಬಹುದು, ಹಿಂದಕ್ಕೆ ಹೋಗುವುದಿಲ್ಲ ಅಂದರು. ಬಿಂದುಗೆ ಫೋನ್ ಮಾಡಿ, ಸಿಗ್ನಲ್ ಸರಿಯಾಗೇ ಇತ್ತು ಕಣೇ ಅಂದೆ. ಅವಳೂ ಅತ್ತಳು, ನಾನೂ ಅತ್ತೆ.

ವಾಸನೆ ಈಗ ಇಲ್ಲ. ಆದರೂ ಹೆಗ್ಗೆರೆ ಬಂದಾಗ ಗ್ಲಾಸು ಇಳಿಸುತ್ತೇನೆ. ಬೆಳಿಗ್ಗೆ ಎತ್ತಿಟ್ಟ ಬಟ್ಟಲಿನ ಎಣ್ಣೆ ಬೆಳ್ಳಗೆ ಹೆಪ್ಪಾಗಿರುತ್ತದೆ. ಬಿಸಿಲಿಗಿಟ್ಟು ಕರಗಿಸಿ ದೇವರ ದೀಪಕ್ಕೆ ಹಾಕುತ್ತೇನೆ. ಕಾರ್ತಿಕ ಮುಗಿದರೂ ನಮ್ಮ ಮನೆಯಲ್ಲಿ ದೀಪ ನಿಂತಿಲ್ಲ.

ಇವತ್ತು ಸಂಜೆ ಬಂದೆ. ಗಾಡಿ ನಿಲ್ಲಿಸಿದೆ. ಅಪ್ಪಾಜಿ ಎಣ್ಣೆ ಹಾಕಿದರು, ನಾನು ಪಕ್ಕದಲ್ಲೇ ನಿಂತು ಬಾನೆಟ್ ಹಿಡಿದುಕೊಂಡಿದ್ದೆ. ಕೈ ಮುಗಿದು ನನ್ನ ಕಡೆ ತಿರುಗಿದರು.

"ರೂಪಾ ಬರೋವರ್ಗೂ ಸಾಕಾಗ್ತೈತೆ. ನೀನ್ ಒಳಗ್ ನಡಿ ಗಂಗಾ, ಚಳಿ."

ನಾನೇ ರೂಪಾ ಅನ್ನಲು ಬಾಯಿ ತೆರೆದೆ. ಗೇಟಿನಲ್ಲಿ ನಿಂತಿದ್ದ ಅವರ ಅವತ್ತಿನ ಮುಖ ನೆನಪಾಯಿತು. "ಆಯ್ತು" ಅಂದೆ. ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಪಕ್ಕದ ಓಣಿಯಲ್ಲಿ ಸುತ್ತಿ, ಬೀದಿಗೆ ಬಂದೆ. ನಮ್ಮ ಗೇಟಿನ ಚಿಲಕ ಜೋರಾಗಿ ಸದ್ದು ಮಾಡಿ ತೆಗೆದೆ.

"ಅಪ್ಪಾಜಿ, ಬಂದೆ."

ಅವರು ಎದ್ದು ನಿಂತರು. ಕತ್ತಲಲ್ಲಿ ಮುಖ ಪೂರ್ತಿ ಕಾಣಲಿಲ್ಲ, ದನಿ ಕೇಳಿಸಿತು. "ಬಂದೇನವ್ವಾ? ದಾರಿ ಚೆನ್ನಾಗಿತ್ತಾ?"

"ಚೆನ್ನಾಗಿತ್ತು ಅಪ್ಪಾಜಿ. ದೀಪ ಐತಾ?"

"ಐತೆ ಕಣವ್ವ. ನಾನಿಲ್ವಾ?" ಅಂತ ನನ್ನ ತಲೆ ಮೇಲೆ ಕೈ ಇಟ್ಟರು. ಕೈಯೆಲ್ಲ ಎಣ್ಣೆ. ಒಳಗೆ ಬಂದು, ತಟ್ಟೆ ಖಾಲಿ ಆಗುವವರೆಗೂ ಉಂಡರು.

ನಾಳೆಯಿಂದ ಬೇಗ ಹೊರಟು ಬರಬೇಕು. ದಿನಾ ಎರಡು ಸಲ ಮನೆಗೆ ಬರಬೇಕಲ್ಲ.